ಒಂದು ದವಡೆ ಹಲ್ಲಿಗೆ ಮೂರು ಕ್ಲಿನಿಕ್

ಚಿಕ್ಕಮ್ಮನ ಕೆನ್ನೆ ಊದಿ ನಾಲ್ಕು ದಿನ ಆಗಿತ್ತು. ಗಂಜಿ ಬಿಟ್ಟು ಬೇರೇನೂ ಒಳಗೆ ಹೋಗುತ್ತಿರಲಿಲ್ಲ. ಹೇಗೂ ಅವರ ಎಚ್‌ಐವಿಯ ಎಆರ್‌ಟಿ ಮಾತ್ರೆ ತರಲು ತುಮಕೂರಿಗೆ ಹೋಗುವ ದಿನ ಬಂದಿತ್ತು. ಹಾಗೇ ಹಲ್ಲನ್ನೂ ಕೀಳಿಸಿಕೊಂಡು ಬರೋಣ ಅಂತ ನಾನೂ ಜೊತೆಗೆ ಹೊರಟೆ. ಪಾವಗಡದಿಂದ ಬೆಳಗಿನ ಬಸ್ಸು. ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರುವಷ್ಟರಲ್ಲಿ ಅವರು ನೋವಿಗೆ ಕಣ್ಣು ಮುಚ್ಚಿ ಕೂತುಬಿಟ್ಟಿದ್ದರು.

ಜಿಲ್ಲಾ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ಕೆಲಸ ಬೇಗ ಮುಗಿಯಿತು. ಅಲ್ಲಿ ಚಿಕ್ಕಮ್ಮನನ್ನು ಎಲ್ಲರೂ ಹೆಸರು ಹಿಡಿದು ಮಾತಾಡಿಸುತ್ತಾರೆ. ವೈರಲ್ ಲೋಡ್ ವರದಿ ಬಂದಿತ್ತು. ರಕ್ತದಲ್ಲಿ ವೈರಸ್ಸು ಪರೀಕ್ಷೆಗೇ ಸಿಗದಷ್ಟು ಕಡಿಮೆ! ಸರ್ಕಾರ ಈ ಔಷಧಿಯನ್ನು ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರಲ್ಲಿ. ಚಿಕ್ಕಪ್ಪ ಅದಕ್ಕೆ ಮುಂಚೆಯೇ ಹೋಗಿಬಿಟ್ಟಿದ್ದರು. ಚಿಕ್ಕಮ್ಮ ಮೊದಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಓಡಾಡಿ ಮಾತ್ರೆ ತಂದುಕೊಂಡು ಬದುಕಿದವರು. ಈಗ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು.

ಎಚ್‌ಐವಿಗೆ ಚಿಕಿತ್ಸೆ ಇಷ್ಟು ಚೆನ್ನಾಗಿ ಸಿಗುತ್ತದೆ, ಅಲ್ವಾ? ಆದರೆ ಎಚ್‌ಐವಿ ಇದ್ದವರಿಗೂ ಹಲ್ಲಿದೆ, ಕಣ್ಣಿದೆ, ಮಂಡಿ ಇದೆ.

ಮೊದಲ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಆಯಿತು. ಕುರ್ಚಿ ಹಿಂದಕ್ಕೆ ವಾಲಿತು. "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಅಂತ ಡಾಕ್ಟರ್ ಕೇಳಿದರು. ಚಿಕ್ಕಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರ್ ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಟ್ರೇನಲ್ಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಂದ ಹುಡುಗಿ, "ಮಷೀನ್ ಕೆಟ್ಟಿದೆ, ಇನ್ನೊಂದಿನ ಬನ್ನಿ" ಅಂದಳು. ನಾವು ಮೆಟ್ಟಿಲು ಇಳಿಯುವಾಗ ಮುಂದಿನವರ ಹೆಸರು ಕರೆದದ್ದು ಕೇಳಿಸಿತು.

ಎರಡನೆಯ ಕಡೆ ಮೊದಲೇ ಹೇಳಿದೆವು. "ಎಲ್ಲ ಪೇಷೆಂಟ್ ಮುಗಿದ ಮೇಲೆ, ರಾತ್ರಿ ಎಂಟಕ್ಕೆ ಬನ್ನಿ. ಎಚ್‌ಐವಿ ಕಿಟ್‌ಗೆ ದುಡ್ಡು ಬೇರೆ" ಅಂತ ಕೌಂಟರಿನಿಂದಲೇ ಜೋರಾಗಿ ಹೇಳಿದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕಮ್ಮ ಊದಿದ ಕೆನ್ನೆಯ ಮೇಲೆ ಸೆರಗು ಎಳೆದುಕೊಂಡರು.

ನನಗೆ ಮೈ ಉರಿದುಹೋಯಿತು. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ ಅಂತ 2017ರ ಕಾಯ್ದೆಯೇ ಹೇಳುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಗ್ಲೌಸು, ಒತ್ತಡದ ಹಬೆಯಲ್ಲಿ ಶುದ್ಧ ಮಾಡಿದ ಸಾಮಾನು ಇವೆಲ್ಲ ಪ್ರತಿಯೊಬ್ಬ ರೋಗಿಗೂ ಇರಲೇಬೇಕು. ಬೆಂಚಿನ ಮೇಲಿದ್ದ ಉಳಿದವರ ರಕ್ತದಲ್ಲಿ ಏನಿದೆ ಅಂತ ಆ ಕೌಂಟರಿನವರಿಗೆ ಗೊತ್ತಿತ್ತೇ? ದೂರು ಕೊಡೋಣ ಅಂದೆ. "ಊರಿಗೆ ಗೊತ್ತಾದ್ರೆ?" ಅಂದರು ಚಿಕ್ಕಮ್ಮ. ಆಮೇಲೆ ಮೆಲ್ಲಗೆ, "ಬೆಳಿಗ್ಗೆ ಸುಮ್ನೆ ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟೊತ್ತಿಗೆ ಹಲ್ಲು ಹೊರಗಿರ್ತಿತ್ತು" ಅಂದರು.

ಕೊನೆಗೆ ಎಆರ್‌ಟಿ ಕೇಂದ್ರದ ಕೌನ್ಸಿಲರ್‌ಗೆ ಫೋನ್ ಮಾಡಿದೆವು. ಅವರು ಹೇಳಿದ ಮೂರನೆಯ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಚಿಕ್ಕಮ್ಮ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. ಡಾಕ್ಟರಮ್ಮ ವರದಿ ಇಸಿದುಕೊಂಡು ನೋಡಿ, "ತುಂಬಾ ಚೆನ್ನಾಗಿ ಮಾತ್ರೆ ತಗೊಂಡಿದ್ದೀರಿ" ಅಂದರು. ಬಿಪಿ, ಶುಗರ್ ನೋಡಿ, ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತರು. ಕೆಲವು ನೋವಿನ ಮಾತ್ರೆಗಳು ಇವರ ಔಷಧಿಯ ಜೊತೆ ಸೇರಿದರೆ ಕಿಡ್ನಿಗೆ ಭಾರವಂತೆ. ಅದಕ್ಕೇ ಬೇರೆ ಮಾತ್ರೆ ಬರೆದರು. ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಧೈರ್ಯ ಮಾಡಿ, "ನಿಮಗೆ ಭಯ ಆಗಲ್ವಾ?" ಅಂತ ಕೇಳಿದೆ. "ಸೂಜಿ ಚುಚ್ಚಿಕೊಂಡ್ರೂ 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೊಳ್ಳೋಕೆ ಮಾತ್ರೆ ಇದೆ. ಬೇರೆ ಪೇಷೆಂಟ್‌ಗೆ ಎಷ್ಟು ಹುಷಾರಾಗಿರ್ತೀನೋ ಇವರಿಗೂ ಅಷ್ಟೇ" ಅಂದರು. ಫೀಸೂ ಎಲ್ಲರಿಗೆ ಎಷ್ಟೋ ಅಷ್ಟೇ. ಇನ್ನೊಂದು ಹಲ್ಲಿನಲ್ಲೂ ಹುಳುಕಿದೆ, ಬಂದು ತುಂಬಿಸಿಕೊಳ್ಳಿ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಹತ್ತಿ ಕಚ್ಚಿಕೊಂಡು ಮಾತಿಲ್ಲದೆ ಕೂತಿದ್ದರು. ಮಧುಗಿರಿ ಹತ್ತಿರ ಅದನ್ನು ತೆಗೆದು ಕೇಳಿದರು: "ಆ ಡಾಕ್ಟರಮ್ಮ ಭಾನುವಾರ ಇರ್ತಾರಾ, ಕೇಳಿದ್ಯಾ?"