ಕುಡುಕನ ಪಾತ್ರವನ್ನು ಬಿಟ್ಟ ಮೇಲೆ: 141ನೆಯ ದಿನದ ಟಿಪ್ಪಣಿ

ಇಂದಿಗೆ ಕುಡಿತ ಬಿಟ್ಟು 141 ದಿನಗಳಾದವು. ಹಿಂದಿನ ಟಿಪ್ಪಣಿಯನ್ನು 96ನೆಯ ದಿನ ಬರೆದಿದ್ದೆ. ಈ ನಡುವೆ ಎರಡು ಕಡೆ ಕಾರ್ಯಕ್ರಮ ಕೊಟ್ಟಿದ್ದೇನೆ, ಒಂದು ಕಡೆಗೆ ಬರುವುದಿಲ್ಲವೆಂದು ಹೇಳಿದ್ದೇನೆ. 40 ನಿಮಿಷದ ನನ್ನ ಹಾಸ್ಯ ಕಾರ್ಯಕ್ರಮದ ನಡುವೆ ಬರಿದಾಗಿ ಉಳಿದಿದ್ದ 12 ನಿಮಿಷಗಳ ಪೈಕಿ 7 ನಿಮಿಷಕ್ಕೆ ಹೊಸ ಸರಕು ಸಿದ್ಧವಾಗಿದೆ.

ಆ 12 ನಿಮಿಷ ಕುಡುಕನ ಪಾತ್ರದ್ದು. ಕೊನೆಯ ಬಸ್ಸು ತಪ್ಪಿಸಿಕೊಂಡು ಮಂಡ್ಯದ ಬಸ್ ನಿಲ್ದಾಣದಲ್ಲಿ ಕಂಬದೊಂದಿಗೆ ಜಗಳವಾಡುವ ಒಬ್ಬ ಕುಡುಕನನ್ನು 2005ರಲ್ಲಿ ಮೊದಲ ಬಾರಿಗೆ ಗಣಪತಿ ಪೆಂಡಾಲೊಂದರಲ್ಲಿ ಅಭಿನಯಿಸಿದ್ದೆ. ಆಗ ಅವನ ಜೇಬಿನಲ್ಲಿ ಸಾರಾಯಿ ಪ್ಯಾಕೆಟ್ಟು ಇರುತ್ತಿತ್ತು; 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಪ್ಯಾಕೆಟ್ಟಿನ ಜಾಗಕ್ಕೆ ಕ್ವಾರ್ಟರ್ ಬಾಟಲಿ ಬಂದಿತೇ ಹೊರತು ಜನರ ನಗು ಕಡಿಮೆಯಾಗಲಿಲ್ಲ. ನನ್ನನ್ನು ಕರೆಸುವವರೆಲ್ಲರೂ ಮೊದಲು ಕೇಳುತ್ತಿದ್ದುದು ಅದನ್ನೇ. ಪಾತ್ರ ಸಹಜವಾಗಿ ಬರಲೆಂದು ವೇದಿಕೆಯ ಹಿಂದೆ ಒಂದು ನೈಂಟಿ ಹಾಕುವುದರಿಂದ ಶುರುವಾದ ಅಭ್ಯಾಸ, ಕೊನೆಕೊನೆಗೆ ಬೆಳಗಿನ ಕೈನಡುಕ ನಿಲ್ಲಿಸಲಿಕ್ಕೂ ಕುಡಿಯಲೇಬೇಕಾದ ಸ್ಥಿತಿಗೆ ನನ್ನನ್ನು ತಂದಿತು.

ಬಿಟ್ಟ ಮೇಲೂ ಆ ಪಾತ್ರವನ್ನು ಉಳಿಸಿಕೊಳ್ಳಬಹುದೆಂದು ನಂಬಿದ್ದೆ. 60ನೆಯ ದಿನದ ಸುಮಾರಿಗೆ ನಮ್ಮ ಬಡಾವಣೆಯ ಕಾರ್ಯಕ್ರಮದಲ್ಲಿ ಅದನ್ನು ಮಾಡಿದಾಗ ಎದುರಿನ ಸಾಲುಗಳೆಲ್ಲ ಬಿದ್ದು ಬಿದ್ದು ನಗುತ್ತಿದ್ದವು. ಮೂರನೆಯ ಸಾಲಿನಲ್ಲಿ ಕುಳಿತಿದ್ದ ನನ್ನ ಮಗಳು ಮಾತ್ರ ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿಯನ್ನು ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದಳು. ವೇದಿಕೆಯ ಮೇಲಿನ ಆ ತೂರಾಟವನ್ನು ಅವಳು ಮನೆಯ ಹೊಸಿಲಿನಲ್ಲಿ ಎಷ್ಟೋ ರಾತ್ರಿ ನೋಡಿದ್ದಳು. ಊಟಕ್ಕೆ ಕುಳಿತಾಗ "ಅಪ್ಪ, ಅದೊಂದನ್ನ ಇನ್ಮೇಲೆ ಮಾಡ್ಬೇಡಪ್ಪ" ಎಂದಷ್ಟೇ ಹೇಳಿದಳು. ಮರುದಿನವೇ ಅದನ್ನು ಕೈಬಿಟ್ಟೆ.

ಬರಿದಾದ ಜಾಗವನ್ನು ತುಂಬುವ ಮೊದಲು ಹಳೆಯ ಧ್ವನಿಮುದ್ರಣಗಳನ್ನೆಲ್ಲ ಕೂತು ಕೇಳಿದೆ. ಈ ಅವಧಿಯಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಕುಡಿದರೆ ನನ್ನ ಮಾತಿಗೆ ವೇಗ ಬರುತ್ತದೆ, ಸಮಯಪ್ರಜ್ಞೆ ಚುರುಕಾಗುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಧ್ವನಿಮುದ್ರಣ ಬೇರೆಯದನ್ನೇ ಹೇಳುತ್ತದೆ: ಜನರ ನಗು ಏರುತ್ತಿರುವಾಗಲೇ ನಾನು ಮುಂದಿನ ಮಾತನ್ನು ಶುರುಮಾಡಿ, ಅವರ ನಗುವನ್ನೂ ನನ್ನ ಮಾತನ್ನೂ ಒಟ್ಟಿಗೆ ಕೆಡಿಸಿದ್ದೇನೆ. ಒಂದು ಮುದ್ರಣದಲ್ಲಿ ಇಂಥ 19 ಕಡೆ ಗುರುತು ಹಾಕಿದೆ. ಒಳ್ಳೆಯ ನಗು ಏರಿ, ನಿಂತು, ಇಳಿಯಲು ನಾಲ್ಕೈದು ಸೆಕೆಂಡು ತೆಗೆದುಕೊಳ್ಳುತ್ತದೆ. ಅದು ಇಳಿಯತೊಡಗಿದ ಗಳಿಗೆಯಲ್ಲಿ ಮಾತು ಎತ್ತಬೇಕು. ಈಗ ಆ ಮೌನದಲ್ಲಿ ಸುಮ್ಮನೆ ನಿಲ್ಲುವುದನ್ನು ದಿನವೂ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ, ಮತ್ತು ಅದು ಕಷ್ಟವಾಗಿಯೇ ಇದೆ.

ಹೊಸ ಸರಕು ನಮ್ಮ ದೊಡ್ಡಪ್ಪನ ಆಲೆಮನೆಯದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆದ್ದ ಕೊಳೆಯನ್ನು ತೆಗೆಯುವುದು, ಪಾಕ ಬಂತೆ ಎಂದು ನೋಡಲು ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುವುದು, ಇವು ನಡೆಯುವಾಗ ದೊಡ್ಡಪ್ಪನಿಗೂ ನಮ್ಮ ತಂದೆಗೂ ಪ್ರತಿ ಸಲ ಜಗಳ. ಒಬ್ಬರು "ಬಂತು, ಇಳಿಸ್ರೋ" ಎಂದರೆ ಇನ್ನೊಬ್ಬರು "ಇನ್ನೊಂದ್ ಕುದಿ ಬರ್ಲಿ ತಡೀರ್ಲಾ" ಎನ್ನುವರು. ಈ ಜಗಳ ಮುಗಿಯುವ ಹೊತ್ತಿಗೆ ಪಾಕ ಹದ ಮೀರಿರುತ್ತಿತ್ತು. ನಮ್ಮ ಜಿಲ್ಲೆಯ ಜನರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲದಿರುವುದರಿಂದ ನಗು ಬೇಗ ಹುಟ್ಟುತ್ತದೆ. 118ನೆಯ ದಿನ ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ಇದನ್ನು ಮೊದಲ ಬಾರಿಗೆ ಹೇಳಿದೆ. ಕುಡುಕನ ಪಾತ್ರಕ್ಕೆ ಬರುತ್ತಿದ್ದಷ್ಟು ಜೋರಾದ ನಗು ಬರಲಿಲ್ಲ. ಆದರೆ ವಯಸ್ಸಾದ ರೈತರೊಬ್ಬರು ಕುಳಿತಲ್ಲಿಂದಲೇ "ಇಳಿಸ್ರಪ್ಪ, ಸೀದೋಯ್ತದೆ" ಎಂದು ಕೂಗಿದಾಗ ಇಡೀ ಸಭೆ ನಕ್ಕಿತು, ನಾನು ಆ ನಗು ಇಳಿಯುವವರೆಗೆ ಕಾದೆ.

ಕಾರ್ಯಕ್ರಮ ಮುಗಿದ ಮೇಲಿನ ಒಂದು ಗಂಟೆಯೇ ನನಗೆ ಎಲ್ಲಕ್ಕಿಂತ ಅಪಾಯದ ಹೊತ್ತು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್. ಮೈಸೂರಿನಲ್ಲಿ ಭಾನುವಾರ ನಾನು ಹೋಗುವ ಅದರ ಸಭೆಯ ಹಿರಿಯರೊಬ್ಬರು, ನನ್ನ ಸ್ಪಾನ್ಸರ್, ಅಂದರೆ ನನ್ನ ಜೊತೆ ನಿಂತು ದಾರಿ ತೋರುವವರು, ನಾಲ್ಕು ಸ್ಥಿತಿಗಳ ಬಗ್ಗೆ ಎಚ್ಚರದಿಂದಿರಬೇಕೆಂದು ಹೇಳಿಕೊಟ್ಟಿದ್ದಾರೆ: ಹಸಿವು, ಕೋಪ, ಒಂಟಿತನ, ದಣಿವು. ರಾತ್ರಿ ಹನ್ನೊಂದಕ್ಕೆ ವೇದಿಕೆ ಇಳಿದವನಲ್ಲಿ ಕೋಪವೊಂದನ್ನು ಬಿಟ್ಟು ಉಳಿದ ಮೂರೂ ಇರುತ್ತವೆ. ಆದ್ದರಿಂದ ಈಗ ಹೆಂಡತಿ ಕಟ್ಟಿಕೊಟ್ಟ ಚಪಾತಿಯನ್ನು ವೇದಿಕೆಯ ಹಿಂದೆಯೇ ತಿಂದು, ಆ ಹಿರಿಯರಿಗೆ ಫೋನು ಮಾಡಿ, ಸಂಘಟಕರ ಊಟದ ಪಂಕ್ತಿಗೆ ನಿಲ್ಲದೆ ಹೊರಡುತ್ತೇನೆ. ಮದ್ದೂರಿನಿಂದ ಬರುವಾಗ ಅವರು "ಏನಪ್ಪ, ಊಟ ಆಯ್ತಾ?" ಎಂದು ಕೇಳಿದ್ದನ್ನು ಬಿಟ್ಟರೆ ಬೇರೆ ಯಾವ ಉಪದೇಶವನ್ನೂ ಮಾಡಲಿಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ ಭೇಟಿಯಾಗಿ ಶುರುವಾದ ಆ ಕೂಟ ಇಂದಿಗೂ ನಡೆಯುತ್ತಿರುವುದು ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಜೊತೆ ಹೀಗೆ ಮಾತಾಡುವುದರಿಂದಲೇ.

ಬರುವುದಿಲ್ಲವೆಂದು ಹೇಳಿದ ಕಾರ್ಯಕ್ರಮ 127ನೆಯ ದಿನದ್ದು. ಕುಡುಕನ ಪಾತ್ರ ಇದ್ದರೆ ಮಾತ್ರ ಬನ್ನಿ ಎಂದರು. ಹಣದ ಅಗತ್ಯವಿತ್ತು, ನಿಜ. ಆಗ ನನಗೆ ಧೈರ್ಯ ಕೊಟ್ಟವರು ಹಾಸ್ಯ ಕಲಾವಿದ ಕ್ರೇಗ್ ಫರ್ಗುಸನ್. 2007ರ ಫೆಬ್ರುವರಿಯಲ್ಲಿ, ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಸಂಕಟ ಎಲ್ಲರ ಬಾಯಲ್ಲೂ ತಮಾಷೆಯಾಗಿದ್ದಾಗ, ತಾನು ಅವರ ಮೇಲೆ ಹಾಸ್ಯ ಮಾಡುವುದಿಲ್ಲವೆಂದು ಅವರು ತಮ್ಮ ಟಿ.ವಿ. ಕಾರ್ಯಕ್ರಮದಲ್ಲೇ ಹೇಳಿ, ಕುಡಿತ ಬಿಟ್ಟು 15 ವರ್ಷವಾದ ತಮ್ಮ ಕತೆಯನ್ನು ಬಿಚ್ಚಿಟ್ಟರು. ಇದರ ಜೊತೆಗೇ ಹಾಲಿವುಡ್ ಹಾಸ್ಯನಟ ರಾಬಿನ್ ವಿಲಿಯಮ್ಸ್ ಅವರನ್ನೂ ನೆನೆಯುತ್ತೇನೆ. 1980ರ ದಶಕದ ಆರಂಭದಲ್ಲಿ ಬಿಟ್ಟ ಕುಡಿತ, ಸುಮಾರು ಎರಡು ದಶಕಗಳ ನಂತರ, 2003ರಲ್ಲಿ ಅಲಾಸ್ಕದಲ್ಲಿ ಚಿತ್ರೀಕರಣಕ್ಕೆ ಹೋಗಿದ್ದಾಗ ಅವರಿಗೆ ಮತ್ತೆ ಅಂಟಿಕೊಂಡಿತು. 2006ರಲ್ಲಿ ಅವರು ಚಿಕಿತ್ಸೆಗೆ ಸೇರಿದರು. ನನ್ನ 141ನ್ನು ಬರೆಯುವಾಗ ಆ ಎರಡು ದಶಕಗಳು ಕಣ್ಣ ಮುಂದಿರುತ್ತವೆ.

ಕೀಬೋರ್ಡ್ ನುಡಿಸುವ ಗೆಳೆಯನೊಬ್ಬ ಕಳೆದ ವಾರ ತಾನೂ ನಾಳೆಯಿಂದಲೇ ಬಿಟ್ಟುಬಿಡುತ್ತೇನೆ ಎಂದ. ಸಂತೋಷಪಟ್ಟರೂ ಅವನನ್ನು ತಡೆದೆ. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ ಸನ್ನಿ ಹಿಡಿದು ಪ್ರಾಣಕ್ಕೇ ಕುತ್ತಾಗಬಹುದು ಎಂದು ನನಗೆ ಚಿಕಿತ್ಸೆ ಕೊಟ್ಟ ವೈದ್ಯರು ಹೇಳಿದ್ದರು. ನಾನು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಬಿ-1 ಜೀವಸತ್ವದ ಚುಚ್ಚುಮದ್ದನ್ನೂ ದಿನದಿನಕ್ಕೆ ಕಡಿಮೆ ಮಾಡುತ್ತ ಬಂದ ಮಾತ್ರೆಗಳನ್ನೂ ಕೊಟ್ಟಿದ್ದರು. ಗೆಳೆಯ ನನ್ನೆದುರೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದ. ಸೋಮವಾರ ವೈದ್ಯರ ಬಳಿಗೆ ಅವನ ಜೊತೆ ನಾನೂ ಹೋಗುತ್ತಿದ್ದೇನೆ.

ಇನ್ನು 5 ನಿಮಿಷದ ಸರಕು ಬಾಕಿ ಇದೆ. ಆಲೆಮನೆಯ ಕತೆಗೆ ನಮ್ಮ ಅಜ್ಜಿಯನ್ನು ತರಬೇಕೆಂದಿದ್ದೇನೆ; ಹದ ಮೀರಿದ ಪಾಕವನ್ನು ಏನು ಮಾಡಬೇಕೆಂದು ಗೊತ್ತಿದ್ದುದು ಆಕೆಗೊಬ್ಬರಿಗೇ. ನಿನ್ನೆ ರಾತ್ರಿ ಆ ಭಾಗವನ್ನು ಮಗಳಿಗೆ ಓದಿ ಹೇಳಿದೆ. ಒಂದು ಕಡೆ ನಕ್ಕಳು, ಎರಡು ಕಡೆ ಉದ್ದವಾಯಿತು ಎಂದಳು. ಆ ಎರಡನ್ನೂ ಕೆಂಪು ಶಾಯಿಯಲ್ಲಿ ಗುರುತು ಹಾಕಿಟ್ಟಿದ್ದೇನೆ.