ಘಾಟಿಯಲ್ಲಿ ಮಾತ್ರ ಕುದಿಯುವ ಲಾರಿ

13 ಮಾರ್ಚ್ 2024, ಬುಧವಾರ
ಶಿವಮೊಗ್ಗ

ಕುಂದಾಪುರದಿಂದ ಹೆಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗಲೆಲ್ಲ ನಮ್ಮ ಹಳೆಯ ಆರು ಚಕ್ರದ ಲಾರಿ ಈಚೆಗೆ ಕುದಿಯತೊಡಗಿದೆ. ಹೊಸಂಗಡಿ ದಾಟುವವರೆಗೆ ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುಮಧ್ಯದಿಂದ ಅಲುಗುವುದಿಲ್ಲ. ತಿರುವುಗಳು ಶುರುವಾಗಿ ಗಾಡಿ ಸೆಕೆಂಡ್ ಗೇರಿಗೆ ಇಳಿದ ಮೇಲೆ ಅದು ಮೆಲ್ಲನೆ ಏರುತ್ತ ಹೋಗಿ, ಚಂಡಿಕಾಂಬ ದೇವಸ್ಥಾನದ ಹೊತ್ತಿಗೆ ಕೆಂಪು ಗೆರೆಯನ್ನು ಮುಟ್ಟುತ್ತದೆ. ಮಾಸ್ತಿಕಟ್ಟೆಯಲ್ಲಿ ನಿಲ್ಲಿಸಿ ತಣಿಯಲು ಬಿಟ್ಟರೆ, ಮುಂದೆ ನಗರ, ಹೊಸನಗರ, ರಿಪ್ಪನ್‌ಪೇಟೆಗಳನ್ನು ಹಾದು ಶಿವಮೊಗ್ಗ ತಲುಪುವವರೆಗೆ ಯಾವ ತಕರಾರೂ ಇರುವುದಿಲ್ಲ. ಇಂದು ಬೆಳಿಗ್ಗೆಯೇ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಗಾಡಿ ತಂದು, ಸಂಜೆಯವರೆಗೂ ಮೇಸ್ತ್ರಿಯ ಪಕ್ಕದಲ್ಲಿ ನಿಂತು ನೋಡಿದ್ದನ್ನು ಬರೆದಿಡುತ್ತಿದ್ದೇನೆ.

ಎಂಜಿನ್ ಯಾವಾಗ ಕಾಯುತ್ತದೆ ಎಂಬುದು ಖಚಿತವಾಗದೆ ಒಂದು ಬೋಲ್ಟನ್ನೂ ಬಿಚ್ಚಬಾರದೆಂಬುದು ನನ್ನ ಹಟ. ಖಾಲಿ ಗಾಡಿ ಸಪಾಟು ರಸ್ತೆಯಲ್ಲಿ ಓಡುವಾಗಲೂ ಕಾದರೆ ನೀರು ಕಡಿಮೆಯಾಗಿರಬಹುದು ಅಥವಾ ಎಂಜಿನ್ ಕಾದ ಮೇಲೆ ನೀರನ್ನು ತಣಿಯಲು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯದೆ ಕಚ್ಚಿಕೊಂಡಿರಬಹುದು. ಪೇಟೆಯಲ್ಲಿ ನಿಂತಲ್ಲೇ ಕಾದು, ಓಡತೊಡಗಿದ ಕೂಡಲೇ ಇಳಿದರೆ ಫ್ಯಾನು ಮತ್ತು ಬೆಲ್ಟಿನ ಕಡೆ ನೋಡಬೇಕಾಗುತ್ತದೆ. ಘಾಟಿಯಲ್ಲಿ ಎಂಜಿನ್ ತನ್ನ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿರುತ್ತದೆ, ಆದರೆ ಗಾಡಿಯ ವೇಗ ಗಂಟೆಗೆ 10-15 ಕಿಲೋಮೀಟರ್ ಮೀರದ ಕಾರಣ ಓಟದಿಂದ ಸಿಗುವ ಗಾಳಿ ಇಲ್ಲವೆಂದೇ ಹೇಳಬೇಕು. ರೇಡಿಯೇಟರ್ ತಣಿಯುವುದು ಬರಿಯ ಫ್ಯಾನಿನ ಬಲದಿಂದ. ಸಾಲದ್ದಕ್ಕೆ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿ ಪೂರ್ವಕ್ಕೆ ಹತ್ತುವ ಲಾರಿಯ ಬೆನ್ನಿಗೆ ಬರುವುದರಿಂದ ಫ್ಯಾನು ಎಳೆದುಕೊಳ್ಳುವ ಗಾಳಿಯೂ ತಗ್ಗುತ್ತದೆ. ಇಂಥ ಕಡೆ ಮಾತ್ರ ಕುದಿಯುವ ಗಾಡಿಯಲ್ಲಿ ತಂಪು ಮಾಡುವ ಏರ್ಪಾಟು ಪೂರ್ತಿ ಕೆಟ್ಟಿರುವುದಿಲ್ಲ. ಸಪಾಟಿಗೆ ಸಾಕಾಗಿ ಏರಿಗೆ ಸಾಲದಷ್ಟು ಅದರ ಕಸುವು ಕುಗ್ಗಿರುತ್ತದೆ.

"ತರ್ಮಸ್ ಕಿತ್ತು ಬಿಸಾಕಿ ಅಣ್ಣ, ನಮ್ಮ ಕಡೆ ಗಾಡಿಗೆ ಅದೆಲ್ಲ ಬೇಡ" ಎಂದು ಚಾಲಕ ಥರ್ಮೋಸ್ಟಾಟ್ ಬಗ್ಗೆ ಮೊದಲಿನಿಂದಲೂ ಹೇಳುತ್ತ ಬಂದಿದ್ದಾನೆ. ಘಾಟಿಯ ಬುಡದ ಚಹಾದಂಗಡಿಗಳಲ್ಲಿ ಇದು ವೇದವಾಕ್ಯ. ಆದರೆ ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುವಾಗಲೇ ಪಕ್ಕದ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಬಿಟ್ಟರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮತ್ತೆ ಎಂಜಿನ್ನಿಗೇ ಸುತ್ತಿ ಬರುವುದರಿಂದ, ಏರಿನಲ್ಲಿ ಬಿಸಿ ಇನ್ನೂ ಹೆಚ್ಚಬಹುದು. ಇಳಿಜಾರಿನಲ್ಲಿ ಎಂಜಿನ್ ತೀರ ತಣ್ಣಗಾಗಿ ಡೀಸೆಲ್ ಹೆಚ್ಚು ಕುಡಿಯುವುದೂ ಪಿಸ್ಟನ್ ಓಡಾಡುವ ಲೈನರ್ ಸವೆಯುವುದೂ ಬೇರೆ. ಮೇಸ್ತ್ರಿ ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತಂತಿಯಿಂದ ತೂಗುಬಿಟ್ಟು ಒಲೆಯ ಮೇಲಿಟ್ಟರು. ನೀರು 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಕವಾಟ ಸರಾಗವಾಗಿ ತೆರೆದುಕೊಂಡಿತು. ಚಾಲಕ ಮತ್ತೆ ಆ ಮಾತೆತ್ತಲಿಲ್ಲ.

ಫ್ಯಾನ್ ಬೆಲ್ಟು ಬಿಗಿಯಾಗಿಯೇ ಇತ್ತು. ಎಂಜಿನ್ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗಿರಲಿಲ್ಲ, ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳೂ ಏಳಲಿಲ್ಲ. ಹೀಗಾಗಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಪದರ, ಅಂದರೆ ಹೆಡ್ ಗ್ಯಾಸ್ಕೆಟ್, ಒಡೆದಿರುವ ಭಯ ಬಹುಮಟ್ಟಿಗೆ ದೂರವಾಯಿತು. ಮುಚ್ಚಳದ ರಬ್ಬರು ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮುಚ್ಚಳವೆಂದರೆ ನೀರು ಚೆಲ್ಲದಂತೆ ತಡೆಯುವ ಬಿರಡೆ ಎಂದೇ ಹಲವರ ತಿಳಿವಳಿಕೆ. ಆದರೆ ಒಳಗಿನ ಒತ್ತಡ ಹಿಡಿದಿಡುವುದೂ ಅದರ ಕೆಲಸ. ಸಮುದ್ರಮಟ್ಟದಿಂದ 600 ಮೀಟರ್ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ; ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಅದೇ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಘಾಟಿಯ ನೆತ್ತಿಯಲ್ಲಿ ಆ 12 ಡಿಗ್ರಿಗಳ ಬೆಲೆ ಗೊತ್ತಾಗುತ್ತದೆ. ಹೊಸ ಮುಚ್ಚಳ ಹಾಕಿಸಿದೆ. ಆದರೆ ನೀರು ಬೇಗ ಕುದಿಯುವುದಕ್ಕೆ ಮುಚ್ಚಳ ಕಾರಣವಾಗಬಹುದೇ ಹೊರತು, ಮುಳ್ಳು ಅಷ್ಟು ದೂರ ಏರುವುದಕ್ಕೆ ಅದೊಂದೇ ಸಾಲದು.

ಉತ್ತರ ಸಿಕ್ಕಿದ್ದು ರೇಡಿಯೇಟರಿನ ಕೆಳಗಿನ ಹೋಸ್ ಪೈಪಿನಲ್ಲಿ. ಗಾಡಿ ಸುಮ್ಮನೆ ಸ್ಟಾರ್ಟ್ ಆಗಿ ನಿಂತಿದ್ದಾಗ ಆ ಪೈಪು ದುಂಡಗೆ, ಲಕ್ಷಣವಾಗಿಯೇ ಕಾಣುತ್ತಿತ್ತು. ಮೇಸ್ತ್ರಿ ಕೈ ಎತ್ತಿ ಸನ್ನೆ ಮಾಡಿದ ಕೂಡಲೇ ಚಾಲಕ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದ. ನಮ್ಮ ಕಣ್ಣೆದುರಿಗೇ ಪೈಪಿನ ನಡುಭಾಗ ಒಳಕ್ಕೆ ಸೆಳೆದುಕೊಂಡು, ಎರಡು ಬದಿಗಳೂ ಒಂದಕ್ಕೊಂದು ತಾಗುವಷ್ಟು ಚಪ್ಪಟೆಯಾಯಿತು. ಕಾಲು ತೆಗೆದೊಡನೆ ಗುಳಕ್ಕೆಂದು ಮತ್ತೆ ದುಂಡಗಾಯಿತು. ವಾಟರ್ ಪಂಪು ಈ ಪೈಪಿನಿಂದಲೇ ನೀರನ್ನು ಎಳೆದುಕೊಳ್ಳುವುದರಿಂದ, ಹೀರುವ ರಭಸಕ್ಕೆ ಕುಗ್ಗದಿರಲೆಂದು ಅದರೊಳಗೆ ತಂತಿಯ ಸುರುಳಿಯೊಂದು ಇರುತ್ತದೆ. ಪೈಪು ಬಿಚ್ಚಿ ತಟ್ಟಿದಾಗ ಆ ಸುರುಳಿ ತುಕ್ಕು ಹಿಡಿದ ತುಂಡುಗಳಾಗಿ ಮೇಸ್ತ್ರಿಯ ಅಂಗೈಗೆ ಉದುರಿತು. ಸಪಾಟಿನಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಪೈಪು ತೆರೆದಿರುತ್ತಿತ್ತು. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಒಂದೇ ಸಮನೆ ಕೂಗಿಸಿಕೊಂಡು ಹೋಗುವಾಗ, ನೀರು ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ದಾರಿ ಮುಚ್ಚಿಕೊಳ್ಳುತ್ತಿತ್ತು.

ಹೊಸ ಪೈಪು ಹಾಕಿ ಕಳಿಸಿಬಿಡಬಹುದಿತ್ತು. ಆದರೆ ಪಂಪಿಗೆ ಅಷ್ಟು ಜೋರಾಗಿ ಹೀರಬೇಕಾದ ಪ್ರಮೇಯ ಏಕೆ ಬಂತು ಎಂದು ಮೇಸ್ತ್ರಿ ಕೇಳಿದ ಪ್ರಶ್ನೆ ನನಗೆ ಮೆಚ್ಚುಗೆಯಾಯಿತು. ಪೈಪು ಬಿಚ್ಚಿದ್ದಾಗಲೇ ರೇಡಿಯೇಟರಿನ ಬಾಯಿಗೆ ಬಕೆಟ್ಟಿನಿಂದ ನೀರು ಸುರಿಸಿದರು. ಸುರಿದಷ್ಟೇ ವೇಗದಲ್ಲಿ ಕೆಳಗಿನಿಂದ ಧುಮುಕಬೇಕಾದ ನೀರು ಸಣ್ಣಗೆ ಹರಿದು, ಮೇಲಿನ ಬಾಯಿ ತುಂಬಿ ಚೆಲ್ಲಿತು. ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ತೆಗೆದಾಗ ಹಿತ್ತಾಳೆಯ ಕೊಳವೆಗಳ ಬಾಯಲ್ಲೆಲ್ಲ ಕಂದು ಬಣ್ಣದ ತುಕ್ಕಿನ ಕೆಸರು ಕಚ್ಚಿಕೊಂಡಿತ್ತು. ನಾವು ಈ ಗಾಡಿಯನ್ನು ಕೊಳ್ಳುವ ಮೊದಲು ಇದಕ್ಕೆ ಕೂಲಂಟಿನ ರುಚಿಯೇ ಗೊತ್ತಿದ್ದಂತಿಲ್ಲ. ಮಲೆನಾಡಿನಲ್ಲಿ ಹೆಜ್ಜೆಗೊಂದು ಹಳ್ಳವಿರುವಾಗ ಕ್ಲೀನರ್ ಹುಡುಗ ಕ್ಯಾನು ಹಿಡಿದು ಇಳಿದರೆ ಆಯಿತು, ನೀರಿಗೆ ಬರವಿಲ್ಲ; ಆದರೆ ತುಕ್ಕು ತಡೆಯುವ ರಾಸಾಯನಿಕವಿಲ್ಲದ ಬರಿ ನೀರು ಎಂಜಿನ್ನಿನ ಬೀಡುಕಬ್ಬಿಣವನ್ನು ಒಳಗಿಂದೊಳಗೇ ತಿನ್ನುತ್ತ, ಆ ತುಕ್ಕನ್ನೆಲ್ಲ ತಂದು ರೇಡಿಯೇಟರಿನಲ್ಲಿ ಸುರಿಯುತ್ತದೆ.

ಒಂದೊಂದೇ ಕೊಳವೆಗೆ ಚಪ್ಪಟೆ ಕಡ್ಡಿ ತೂರಿಸಿ ಬಿಡಿಸುವ ಕೆಲಸ ಮಧ್ಯಾಹ್ನವನ್ನೆಲ್ಲ ನುಂಗಿತು. ಟ್ಯಾಂಕನ್ನು ಮತ್ತೆ ಬೆಸೆದು, ಎಂಜಿನ್ನಿನೊಳಗಿನ ನೀರು ತಿಳಿಯಾಗುವವರೆಗೆ ತೊಳೆದು, ಸುರುಳಿಯಿರುವ ಹೊಸ ಪೈಪು ಹಾಕಿ, ಕ್ಯಾನಿನ ಮೇಲೆ ಬರೆದಿರುವ ಪ್ರಮಾಣದಲ್ಲಿ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿದೆವು. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ, ಎಂಜಿನ್ ಓಡಿಸುತ್ತಲೇ ನಿಧಾನವಾಗಿ ತುಂಬಬೇಕಾಯಿತು. ಈಗ ಎಷ್ಟೇ ಒತ್ತಿ ಹಿಡಿದರೂ ಪೈಪು ದುಂಡಗೇ ಇರುತ್ತದೆ.

ನಿಜವಾದ ಪರೀಕ್ಷೆ ಭಾರ ಹೇರಿ ಘಾಟಿ ಹತ್ತಿದಾಗಲೇ. ಶುಕ್ರವಾರ ಕುಂದಾಪುರದಿಂದ ಲೋಡ್ ಇದೆ. ಹೊಸಂಗಡಿಯಲ್ಲಿ, ದೇವಸ್ಥಾನದ ಬಳಿ ಮತ್ತು ಮಾಸ್ತಿಕಟ್ಟೆಯಲ್ಲಿ ಮುಳ್ಳು ಎಲ್ಲಿರುತ್ತದೆಂದು ಬರೆದುಕೊಳ್ಳಲು ಚಾಲಕನಿಗೆ ಹೇಳಿದ್ದೇನೆ. ಏರಿದರೆ ಸಮತಟ್ಟಾದ ಜಾಗ ನೋಡಿ ನಿಲ್ಲಿಸಬೇಕು. ನೀರು ಸೋರಿಲ್ಲದಿದ್ದರೆ ಪಂಪೂ ಫ್ಯಾನೂ ತಿರುಗುತ್ತಿರಲೆಂದು ಎಂಜಿನ್ ಸ್ವಲ್ಪ ಹೊತ್ತು ಓಡುತ್ತಿರಲಿ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯುವಂತಿಲ್ಲ, ಹಳ್ಳದ ತಣ್ಣೀರನ್ನು ಎಂಜಿನ್ನಿನ ಮೇಲೆ ಎರಚುವಂತೆಯೂ ಇಲ್ಲ, ಹೆಡ್ ಸೀಳಿಬಿಟ್ಟೀತು. ಇಷ್ಟಾದ ಮೇಲೂ ಮುಳ್ಳು ಕೆಂಪಿನ ಕಡೆ ಹೋದರೆ, ಉಳಿಯುವ ಅನುಮಾನ ವಾಟರ್ ಪಂಪಿನೊಳಗಿನ ಚಕ್ರದ ಮೇಲೆ. ಅದರ ರೆಕ್ಕೆಗಳನ್ನೂ ಇದೇ ತುಕ್ಕುನೀರು ತಿಂದಿರಬಹುದು. ಹಾಗಾದರೆ ಸೋಮವಾರ ಗಾಡಿ ತನ್ನಿ, ಪಂಪು ಬಿಚ್ಚಿ ನೋಡೋಣ ಎಂದು ಮೇಸ್ತ್ರಿ ಹೇಳಿದ್ದಾರೆ.