ಮಾರೋ ಊರಿನಲ್ಲಿ ಒಂದು ಸಂಜೆ

ಕ್ರೊಯೇಷಿಯಾದ ದುಬ್ರೋವ್ನಿಕ್‌ಗೆ ಹೋಗಿದ್ದು ಕೋಟೆ ಗೋಡೆ ಮೇಲೆ ಒಂದು ಸುತ್ತು ಹಾಕೋಣ ಅಂತ. ಆಗಸ್ಟ್ ಬಿಸಿಲು ಬೇರೆ. ಅರ್ಧ ಸುತ್ತಿಗೇ ನೀರಿನ ಬಾಟಲಿ ಖಾಲಿ, ಚಪ್ಪಲಿ ಉಂಗುಷ್ಟವೂ ಕಿತ್ತುಬಂತು. ಕಾಲೆಳೆದುಕೊಂಡು ಕೋಣೆಗೆ ಬಂದೆ. ಮನೆ ಒಡತಿ ನನ್ನ ಅವಸ್ಥೆ ನೋಡಿ ನಕ್ಕರು. "ಸಂಜೆ ಹಳೆ ಬಂದರಿಗೆ ಹೋಗಿ, ದಿವ್ಲ್ಯಾ ಲಿಗಾ ಇದೆ" ಅಂದರು.

ದಿವ್ಲ್ಯಾ ಲಿಗಾ ಅಂದರೆ ಕಾಡು ಲೀಗ್. ಬೇಸಿಗೆಯಲ್ಲಿ ಇಲ್ಲಿ ಕಡಲ ದಡಕ್ಕೊಂದು ವಾಟರ್ ಪೋಲೋ ತಂಡ ಕಟ್ಟಿಕೊಂಡು ಆಡುತ್ತಾರೆ. ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ಆಟ ಅದು. ಕೊಳ ಇಲ್ಲ, ಸಮುದ್ರದಲ್ಲೇ ಆಟ. ನಾನು ಹೋಗುವಷ್ಟರಲ್ಲಿ ಪೊರ್ಪೊರೆಲ ಅನ್ನುವ ಅಲೆತಡೆ ಗೋಡೆ ಕಡೆಯ ಕಲ್ಲುಕಟ್ಟೆ ಭರ್ತಿ. ಅಜ್ಜಂದಿರು ಮನೆಯಿಂದ ದಿಂಬು ತಂದು ಕೂತಿದ್ದರು. ನನಗೆ ಸಿಕ್ಕಿದ್ದು ಹಗಲಿನ ಕಾವು ಇನ್ನೂ ಆರದ ಬರೀ ಕಲ್ಲು.

ಟಿವಿಯಲ್ಲಿ ನೋಡಿದರೆ ಈ ಆಟ ಸುಮ್ನೆ ತಲೆಗಳ ಓಡಾಟ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ನೆಲಕ್ಕೆ ಕಾಲು ತಾಗಿಸುವ ಹಾಗೇ ಇಲ್ಲ. ತಿಳಿನೀರಿನ ಕೆಳಗೆ ಎರಡೂ ಕಾಲು ಮಜ್ಜಿಗೆ ಕಡೆದ ಹಾಗೆ ತಿರುಗುತ್ತಲೇ ಇರುತ್ತವೆ. ಚೆಂಡು ಕೈಗೆ ಬಂದೊಡನೆ ಸೊಂಟದವರೆಗೂ ಮೇಲೆದ್ದು ಬೀಸುತ್ತಾರೆ. ಪಕ್ಕದವನು ಚಡ್ಡಿ ಹಿಡಿದು ಎಳೆಯುತ್ತಿರುತ್ತಾನೆ, ಅದು ಬೇರೆ ಮಾತು.

ಬಲಬದಿಯಲ್ಲೊಬ್ಬ ಹುಡುಗ ಎಡಗೈಯಲ್ಲಿ ಗೋಲು ಹೊಡೆದ. ನನ್ನ ಪಕ್ಕದ ಅಜ್ಜ "ಮಾರೋ! ಮಾರೋ!" ಅಂತ ಕೂಗಿದರು. ಹುಡುಗನ ಹೆಸರು ಅಂದುಕೊಂಡೆ. ಅಲ್ಲ, ಅವರು ನೆನೆಸಿಕೊಂಡಿದ್ದು ಕ್ರೊಯೇಷಿಯಾ ತಂಡದ ಆಟಗಾರ ಮಾರೋ ಯೊಕೊವಿಚ್‌ನನ್ನು. ಅವನೂ ಎಡಗೈ, ಇದೇ ಊರಲ್ಲಿ 1987ರಲ್ಲಿ ಹುಟ್ಟಿದವನು. ಎಡಗೈಯವನಿಗೆ ಬಲಬದಿಯಿಂದ ಗೋಲು ಅಗಲವಾಗಿ ಸಿಗುತ್ತದೆ. ಹಾಗಾಗಿ ಅಂಥವರಿಗೆ ಎಲ್ಲ ತಂಡದಲ್ಲೂ ಬೇಡಿಕೆ.

ಹತ್ತೊಂಬತ್ತಕ್ಕೇ, 2007ರಲ್ಲಿ ಮೆಲ್ಬರ್ನ್‌ನಲ್ಲಿ ವಿಶ್ವ ಚಾಂಪಿಯನ್. 2012ರಲ್ಲಿ ಲಂಡನ್‌ನಲ್ಲಿ ಇಟಲಿಯನ್ನು 8-6ರಿಂದ ಸೋಲಿಸಿ ಒಲಿಂಪಿಕ್ ಚಿನ್ನ. ರಿಯೋದಲ್ಲಿ ಬೆಳ್ಳಿ, 2017ರಲ್ಲಿ ಮತ್ತೆ ವಿಶ್ವ ಚಾಂಪಿಯನ್. ಮುಗೀತು ಅನ್ನುವಷ್ಟರಲ್ಲಿ 36ನೇ ವಯಸ್ಸಿನಲ್ಲಿ ಪ್ಯಾರಿಸ್‌ನಿಂದ ಇನ್ನೊಂದು ಬೆಳ್ಳಿ! ಫುಟ್‌ಬಾಲ್ ಆಟಗಾರನಾಗಿದ್ದರೆ ನಮಗೂ ಹೆಸರು ಗೊತ್ತಿರುತ್ತಿತ್ತು, ಅಲ್ವಾ? ಇಲ್ಲಿ ಮಾತ್ರ ಮಾರೋ ಅಂದರೆ ಸಾಕು, ಮನೆತನದ ಹೆಸರು ಬೇಕಿಲ್ಲ.

ಊರಿನ ಕ್ಲಬ್ ಯುಗ್ ಶುರುವಾಗಿದ್ದು 1923ರಲ್ಲಿ. ಆಟ ಮನೆತನದಲ್ಲೂ ಇಳಿದು ಬರುತ್ತದೆ. ಗೊರಾನ್ ಸುಕ್ನೊ 1984ರಲ್ಲಿ ಯುಗೊಸ್ಲಾವಿಯಾಕ್ಕೆ ಆಡಿ ಒಲಿಂಪಿಕ್ ಚಿನ್ನ ಗೆದ್ದರು. ಆಗ ಕ್ರೊಯೇಷಿಯಾ ಆ ದೇಶದ ಭಾಗ. ಮಗ ಸಾಂದ್ರೋ, ಮಾರೋ ಜೊತೆ 2012ರಲ್ಲಿ ಕ್ರೊಯೇಷಿಯಾಕ್ಕೆ ಗೆದ್ದ. ಅದೇ ಊರು, ಅದೇ ಆಟ. ದೇಶದ ಹೆಸರು ಮಾತ್ರ ಬೇರೆ.

ಮ್ಯಾಚ್ ನಡುವೆ ಚೆಂಡು ದೋಣಿಗಳ ಸಂದಿಗೆ ಹೋಯಿತು. ಒಬ್ಬ ಪುಟ್ಟ ಹುಡುಗ ಯಾರನ್ನೂ ಕೇಳದೆ ಅಂಗಿ ಸಮೇತ ಹಾರಿ ತಂದುಕೊಟ್ಟ. ಚಪ್ಪಾಳೆ ಅವನಿಗೇ ಜಾಸ್ತಿ ಬಿತ್ತು.

ರಾತ್ರಿ ವಾಪಸ್ ಬಂದಾಗ ಒಡತಿ ಬಾಗಿಲಲ್ಲೇ ನಿಂತಿದ್ದರು.

"ಯಾರು ಗೆದ್ದರು?"

"ನೀಲಿ ಟೋಪಿಯವರು."

"ಅಯ್ಯೋ, ನನ್ನ ಅಣ್ಣನ ಮಗ ಬಿಳಿ ಟೋಪಿ" ಅಂದು ಒಳಗೆ ಹೋದರು. ಬೆಳಗಿನ ಕಾಫಿ ಆವತ್ತು ಸ್ವಲ್ಪ ತಡವಾಗಿ ಬಂತು.